ಅಂಕೋಲೆ: ಡಾಗ್‌ವುಡ್‌ನ ದಾವಣಗೆರೆ ನೆಂಟ

ಯುಗಾದಿ ಹತ್ತಿರ ಬಂತೆಂದರೆ ದಾವಣಗೆರೆಯ ವಿನೋಬನಗರದ ಹಲವು ಮನೆಗಳ ಫೋನಿಗೆ ಅಮೆರಿಕದಿಂದ ಒಂದು ಮರದ ಫೋಟೊ ಬರುತ್ತದೆ. ಇಲ್ಲಿನ ಕಾಲೇಜುಗಳಲ್ಲಿ ಎಂಜಿನಿಯರಿಂಗನ್ನೋ ಮೆಡಿಕಲ್ಲನ್ನೋ ಓದಿ ಅಟ್ಲಾಂಟಾ, ವರ್ಜೀನಿಯಾ, ನಾರ್ತ್ ಕೆರೊಲಿನಾ ಕಡೆ ನೆಲೆಸಿದ ಮಕ್ಕಳು ಕಳಿಸಿದ ಫೋಟೊ. ಎಲೆ ಇನ್ನೂ ಸರಿಯಾಗಿ ಬಿಟ್ಟಿರುವುದಿಲ್ಲ, ಆದರೆ ಕೊಂಬೆಯ ತುದಿತುದಿಗೂ ನಾಲ್ಕೆಸಳಿನ ಬಿಳಿ ಹೂ. ಮರದ ಹೆಸರು ಡಾಗ್‌ವುಡ್. ಫೋಟೊ ನೋಡಿದ ಹಿರಿಯರು ಮೊದಲು ಕೇಳುವುದು, ‘ಇದು ನಮ್ಮಲ್ಲಿ ಬೆಳೆಯೋದಿಲ್ವಾ?’ ಎಂದು. ಬೆಳೆಯುವುದಿಲ್ಲ. ಆದರೆ ಅದೇ ಕುಟುಂಬಕ್ಕೆ ಸೇರಿದ, ಅದೇ ರೀತಿ ಬರಿಗೊಂಬೆಯ ಮೇಲೆ ಬಿಳಿ ಹೂ ಬಿಡುವ ಮರವೊಂದು ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲೇ ಇದೆ. ಅದು ಅಂಕೋಲೆ. ದೂರದ ಮರಕ್ಕೆ ಆಸೆಪಡುವ ನಾವು ಹತ್ತಿರದ ಈ ಮರದ ಹೆಸರನ್ನೂ ಮರೆಯುತ್ತಿದ್ದೇವೆ ಎಂಬುದು ನನ್ನ ಸಂಕಟ.

ಮೊದಲು ಫೋಟೊದ ಮರವನ್ನೇ ನೋಡೋಣ. ಸಸ್ಯವಿಜ್ಞಾನದಲ್ಲಿ ಅದರ ಹೆಸರು ಕಾರ್ನಸ್ ಫ್ಲೋರಿಡಾ. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಓಕ್‌ನಂಥ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಚಿಕ್ಕ ಮರ. ಅದರ ‘ಹೂ’ ನಿಜಕ್ಕೆ ಹೂವಲ್ಲ. ಬಿಳಿಯಾಗಿ ಕಾಣುವ ನಾಲ್ಕೂ ಎಸಳು ಬಣ್ಣ ಬದಲಿಸಿದ ಎಲೆಗಳು. ನಿಜವಾದ ಹೂಗಳು ಆ ನಾಲ್ಕು ಎಲೆಗಳ ನಡುವೆ ಹಸಿರು-ಹಳದಿ ಗುಂಡಿಯಂತೆ ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದೂ ಸಾಸಿವೆಗಿಂತ ತುಸು ದೊಡ್ಡದು. ನಮ್ಮ ಕಾಂಪೌಂಡುಗಳ ಮೇಲೆ ಹಬ್ಬಿರುವ ಕಾಗದದ ಹೂವಿನಲ್ಲೂ ಹೀಗೆಯೇ. ಅದರ ಕೆಂಪು ಎಲೆಗಳನ್ನು ಬಿಡಿಸಿದರೆ ಒಳಗೆ ಸಣ್ಣ ಕೊಳವೆಯಂಥ ಬಿಳಿ ಹೂ ಸಿಗುತ್ತದೆ. ಚಿಕ್ಕ ಹೂಗಳಿಗೆ ತಮ್ಮಷ್ಟಕ್ಕೆ ದುಂಬಿಗಳನ್ನು ಕರೆಯುವ ಶಕ್ತಿ ಸಾಲದು, ಅದಕ್ಕೇ ಎಲೆಗಳು ಆ ಕೆಲಸ ವಹಿಸಿಕೊಂಡಿವೆ.

ಡಾಗ್‌ವುಡ್ ಇಲ್ಲಿ ಬದುಕದಿರುವುದಕ್ಕೆ ಕಾರಣವೂ ಈ ಎಲೆಗಳಲ್ಲೇ ಇದೆ. ಮುಂದಿನ ವಸಂತದ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿಬಿಡುತ್ತದೆ. ಈ ನಾಲ್ಕು ಎಲೆಗಳು ಆಗ ಮೊಗ್ಗಿನ ಸಿಪ್ಪೆ. ಹಿಮ ಬೀಳುವ ತಿಂಗಳುಗಳುದ್ದಕ್ಕೂ ಅವು ಒಳಗಿನ ಹೂಗಳನ್ನು ಮುಚ್ಚಿ ಕಾಯುತ್ತವೆ. ಚಳಿ ಕಳೆದು ಬಿಸಿಲು ಬಂದ ಮೇಲೆ ಅದೇ ಸಿಪ್ಪೆ ಹಿಗ್ಗಿ, ಬೆಳ್ಳಗಾಗಿ ಬಿಚ್ಚಿಕೊಳ್ಳುತ್ತದೆ. ಎಸಳ ತುದಿಯಲ್ಲಿ ಕಚ್ಚಿ ತೆಗೆದಂಥ ಒಂದು ಗುರುತು ಉಳಿದಿರುತ್ತದಲ್ಲ, ಅದು ಚಳಿಗಾಲದಲ್ಲಿ ಮೊಗ್ಗನ್ನು ಬಿಗಿದು ಮುಚ್ಚಿದ್ದ ತುದಿಯ ಕಲೆ. ಅಲ್ಲಿನ ಕ್ರೈಸ್ತರ ಕತೆಯಲ್ಲಿ ಅದು ಶಿಲುಬೆಯ ಮೊಳೆಯ ಗುರುತು. ಚಳಿಯಿಲ್ಲದೆ ಈ ಮರದ ವರ್ಷ ತಿರುಗುವುದೇ ಇಲ್ಲ. ಜೊತೆಗೆ ಅದಕ್ಕೆ ಹುಳಿ ಗುಣದ, ಸದಾ ತೇವವಿದ್ದೂ ನೀರು ನಿಲ್ಲದ ಮಣ್ಣು ಬೇಕು. ಬೇರು ಮೇಲೆಮೇಲೆಯೇ ಹರಡುತ್ತದೆ. ದಾವಣಗೆರೆಯ ಎರೆಮಣ್ಣು, ಏಪ್ರಿಲ್‌ನ ಬಿಸಿಲು ಎರಡೂ ಅದಕ್ಕೆ ವೈರಿಗಳು. ನರ್ಸರಿಯವರು ಆ ಹೆಸರಿನ ಸಸಿ ಕೊಡುತ್ತೇವೆ ಎಂದರೆ ಹಣ ಕೊಡುವ ಮೊದಲು ಇದನ್ನು ನೆನಪಿಡಿ.

ಅಮೆರಿಕದವರಿಗೆ ಈ ಮರದ ಮೇಲಿರುವ ಅಭಿಮಾನ ನೋಡಿದರೆ ಸಂತೋಷವಾಗುತ್ತದೆ. ವರ್ಜೀನಿಯಾ ಇದನ್ನು 1918ರಲ್ಲಿ ರಾಜ್ಯದ ಹೂವೆಂದೂ 1956ರಲ್ಲಿ ರಾಜ್ಯದ ಮರವೆಂದೂ ಘೋಷಿಸಿತು. ನಾರ್ತ್ ಕೆರೊಲಿನಾಕ್ಕೆ 1941ರಿಂದ ಇದೇ ರಾಜ್ಯಪುಷ್ಪ. ನೃಪತುಂಗ ಕನ್ನಡ ಕೂಟ ಇರುವ ಅಟ್ಲಾಂಟಾ ನಗರದಲ್ಲಿ 1936ರಲ್ಲಿ ಶುರುವಾದ ಡಾಗ್‌ವುಡ್ ಉತ್ಸವ ಇಂದಿಗೂ ವಸಂತದಲ್ಲಿ ನಡೆಯುತ್ತದೆ. ನಮ್ಮವರ ಯುಗಾದಿಯೂ ಅದರ ಆಸುಪಾಸಿನಲ್ಲೇ ಬರುವುದರಿಂದ ಫೋಟೊಗಳಲ್ಲಿ ಮರ, ಹಬ್ಬ ಎರಡೂ ಒಟ್ಟಿಗೆ ಇರುತ್ತವೆ. 1912ರಲ್ಲಿ ಟೋಕಿಯೊ ನಗರ ವಾಷಿಂಗ್ಟನ್ನಿಗೆ ಚೆರ್ರಿ ಮರಗಳನ್ನು ಕಳಿಸಿದ್ದಕ್ಕೆ ಪ್ರತಿಯಾಗಿ, 1915ರಲ್ಲಿ ಅಮೆರಿಕ ಉಡುಗೊರೆಯಾಗಿ ಹಿಂದಿರುಗಿಸಿದ್ದು ಇದೇ ಡಾಗ್‌ವುಡ್ ಸಸಿಗಳನ್ನು. ಅಮೆರಿಕದ ಮೂಲನಿವಾಸಿಗಳು ಈ ಹೂ ಬಿಟ್ಟದ್ದನ್ನು ನೋಡಿಕೊಂಡು ಮೆಕ್ಕೆಜೋಳ ಬಿತ್ತುತ್ತಿದ್ದರು ಎನ್ನುತ್ತಾರೆ. ಮಳೆ ನಕ್ಷತ್ರ ಎಣಿಸಿ ಬಿತ್ತನೆಗೆ ಇಳಿಯುವ, ಇಂದು ಮೆಕ್ಕೆಜೋಳಕ್ಕೇ ಹೆಸರಾದ ನಮ್ಮ ಜಿಲ್ಲೆಯ ರೈತರಿಗೆ ಇದು ಪರಕೀಯ ಸಂಗತಿ ಅನ್ನಿಸಲಾರದು.

ಆದರೆ ದಾವಣಗೆರೆಯವರು ಈ ಮರದ ಹೂವಿಗಿಂತ ಕಟ್ಟಿಗೆಯ ಕತೆಯನ್ನು ತಿಳಿಯಬೇಕು. ಯಾಕೆಂದರೆ ಅದು ಮಿಲ್ಲಿನ ಕತೆ.

ಮಗ್ಗದಲ್ಲಿ ಹಾಸಿನ ನೂಲುಗಳ ನಡುವೆ ಹೊಕ್ಕಿನ ನೂಲನ್ನು ಅತ್ತಿಂದಿತ್ತ ಎಳೆದೊಯ್ಯುವುದು ಲಾಳಿ. ಕೈಮಗ್ಗದಲ್ಲಿ ಅದರ ಓಟ ನೇಕಾರನ ಕೈಯ ಲಯಕ್ಕೆ ತಕ್ಕಂತೆ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಗ್ಗ ಜಗ್ಗಿದರೆ ಹಾರುವ ಲಾಳಿಗೆ ಪೇಟೆಂಟ್ ಪಡೆದ. ಮುಂದೆ ಉಗಿಯಂತ್ರದ ಮಗ್ಗ ಬಂದ ಮೇಲೆ ಲಾಳಿಯ ಪಾಡು ಬೇರೆಯೇ ಆಯಿತು. ಎರಡೂ ತುದಿಗೆ ಉಕ್ಕಿನ ಮೊನೆ, ನಡುವೆ ಕಂಡಿಕೆ ಇಡಲು ಕೊರೆದ ಗೂಡು, ಪಕ್ಕದಲ್ಲಿ ನೂಲು ಹೊರಬರುವ ಕಣ್ಣು. ಅದಕ್ಕೆ ನಿಮಿಷಕ್ಕೆ ಹೆಚ್ಚು ಕಡಿಮೆ ಇನ್ನೂರು ಸಲ ಏಟು ಬೀಳುತ್ತದೆ. ಒಂದು ಪೆಟ್ಟಿಗೆಯಿಂದ ಹೊರಟು ಇನ್ನೊಂದು ಪೆಟ್ಟಿಗೆಗೆ ಬಡಿದು ನಿಂತು, ಮತ್ತೆ ಹಿಂದಕ್ಕೆ. ಈ ಓಟದಲ್ಲಿ ಅದರ ಮೈ ನೂರಾರು ಹಾಸು ನೂಲುಗಳ ಮೇಲೆ ಉಜ್ಜುತ್ತಲೇ ಇರುತ್ತದೆ. ಮರದಲ್ಲಿ ಎಳ್ಳಷ್ಟು ಸಿಬಿರು ಎದ್ದರೂ ನೂಲು ಸಿಕ್ಕಿ ಹರಿದು ಮಗ್ಗ ನಿಂತಂತೆಯೇ. ಆದ್ದರಿಂದ ಲಾಳಿಗೆ ಬೇಕಾದದ್ದು ಬರೀ ಗಟ್ಟಿಮರವಲ್ಲ. ಏಟಿಗೆ ಸೀಳಬಾರದು, ಸಿಬಿರು ಏಳಬಾರದು, ಸವೆದಷ್ಟೂ ನುಣ್ಣಗಾಗುತ್ತ ಹೋಗಬೇಕು.

ಈ ಮೂರೂ ಗುಣ ಡಾಗ್‌ವುಡ್‌ಗೆ ಇತ್ತು. ಮರದ ಗಡಸುತನ ಅಳೆಯುವ ಪರೀಕ್ಷೆಯಲ್ಲಿ ಅದು ತೇಗದ ಸುಮಾರು ಎರಡರಷ್ಟು ಗಟ್ಟಿ. ಎಳೆಗಳು ಎಷ್ಟು ಒತ್ತಾಗಿವೆ ಎಂದರೆ ಉಜ್ಜಿದರೆ ಕೊಂಬಿನ ಹೊಳಪು ಬರುತ್ತದೆ. ಮೊದಲು ಲಾಳಿಗೆ ಬಳಸುತ್ತಿದ್ದ ಬಾಕ್ಸ್‌ವುಡ್ ಮರ ಸಿಗುವುದು ದುಸ್ತರವಾದಾಗ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಾಳಿ ತಯಾರಕರು ಅಮೆರಿಕದ ಈ ಮರದತ್ತಲೂ ಪರ್ಸಿಮನ್ ಮರದತ್ತಲೂ ತಿರುಗಿದರು. ಪರ್ಸಿಮನ್ ಅಂದರೆ ನಮ್ಮ ಬೀಡಿ ಎಲೆಯ ತೂಬರೆ ಮರದ ಕುಲದ್ದೇ. ಅಲ್ಲಿಂದ ಮುಂದೆ ಕಡಿದ ಡಾಗ್‌ವುಡ್‌ನ ಬಹುಪಾಲು ಹೋಗಿದ್ದು ಲಾಳಿಗೆ. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಮಗ್ಗಗಳಲ್ಲಿ ಓಡಿದ ಲಾಳಿಗಳಲ್ಲಿ ಈ ಹೂಮರ ಇತ್ತು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರು ಪಡೆದ ಊರಿನ ನಾವು ಹೂವಿನ ಫೋಟೊ ನೋಡುವಾಗ ಇದನ್ನೂ ನೆನೆಯಬೇಕಲ್ಲವೇ? ಮಿಲ್ಲಿನ ಪಾಳಿ ಮುಗಿಸಿ ಕಿವಿಯಲ್ಲಿ ಮಗ್ಗದ ಸದ್ದು ತುಂಬಿಕೊಂಡು ಮನೆಗೆ ಬರುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಹಳೆಯ ಮಿಲ್ಲಿನವರ ಮನೆಯ ಅಟ್ಟದಲ್ಲಿ ಲಾಳಿಯೊಂದು ಉಳಿದಿದ್ದರೆ ಅದನ್ನು ಕೈಗೆತ್ತಿಕೊಂಡು ನೋಡಿ. ಅಂಗೈಗೆ ಭಾರ ತಿಳಿಯುತ್ತದೆ, ಬೆರಳಿಗೆ ಒಂದು ಸಿಬಿರೂ ತಾಗುವುದಿಲ್ಲ. ಮುಂದೆ ಪ್ಲಾಸ್ಟಿಕ್ಕಿನ ಮತ್ತು ಒತ್ತಿ ಮಾಡಿದ ಮರದ ಲಾಳಿಗಳು ಬಂದವು. ಆಮೇಲೆ ಲಾಳಿಯೇ ಇಲ್ಲದ, ಗಾಳಿಯ ರಭಸಕ್ಕೆ ನೂಲು ಹಾಯಿಸುವ ಮಗ್ಗಗಳು. ಡಾಗ್‌ವುಡ್ ಕೊಡಲಿಯಿಂದ ಪಾರಾಯಿತು.

ಆದರೆ ರೋಗದಿಂದ ಪಾರಾಗಲಿಲ್ಲ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್, ಕನೆಕ್ಟಿಕಟ್ ಕಡೆ ಕಾಣಿಸಿಕೊಂಡ ಆಂತ್ರಾಕ್ನೋಸ್ ಎಂಬ ಶಿಲೀಂಧ್ರ ರೋಗ ಅಪಲಾಚಿಯನ್ ಬೆಟ್ಟಸಾಲಿನುದ್ದಕ್ಕೂ ಹಬ್ಬಿ ಕಾಡಿನ ಡಾಗ್‌ವುಡ್‌ಗಳನ್ನು ಭಾರಿ ಪ್ರಮಾಣದಲ್ಲಿ ಕೊಂದಿತು. ನೆರಳು, ತಂಪು, ತೇವ ಇರುವ ಕಡೆ ಹಾನಿ ಹೆಚ್ಚು. ಆ ಶಿಲೀಂಧ್ರಕ್ಕೆ ಹೆಸರಿಟ್ಟದ್ದೇ 1991ರಲ್ಲಿ. ಮೇರಿಲ್ಯಾಂಡಿನ ಕಟಾಕ್ಟಿನ್ ಬೆಟ್ಟದ ಉದ್ಯಾನದಲ್ಲಿ ಸುತ್ತಲಿನವೆಲ್ಲ ಸತ್ತರೂ ಬದುಕುಳಿದ ಮರದಿಂದ ರೋಗ ತಡೆಯುವ ತಳಿಯೊಂದನ್ನು ಬೆಳೆಸಿದ್ದಾರೆ. ಸತ್ತ ಕಾಡಿನಲ್ಲಿ ಬದುಕಿರುವ ಒಂದು ಮರವನ್ನು ಹುಡುಕುವ ಆ ತಾಳ್ಮೆಯನ್ನು ನಾವು ಕಲಿಯಬೇಕು.

ಈಗ ಅಂಕೋಲೆಗೆ ಬರೋಣ. ಸಸ್ಯವಿಜ್ಞಾನಿಗಳು ಇದನ್ನು ಅಲಾಂಜಿಯಂ ಸಾಲ್ವಿಫೋಲಿಯಂ ಎನ್ನುತ್ತಾರೆ. ಬಹುಕಾಲ ಇದಕ್ಕೊಂದು ಪ್ರತ್ಯೇಕ ಕುಟುಂಬವೇ ಇತ್ತು. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ ಈ ಕುಲಕ್ಕೆ ಅತಿ ಹತ್ತಿರದ ನೆಂಟ ಡಾಗ್‌ವುಡ್‌ನ ಕಾರ್ನಸ್ ಕುಲವೆಂದು ತಿಳಿಯಿತು, ಎರಡನ್ನೂ ಕಾರ್ನೇಸಿ ಕುಟುಂಬಕ್ಕೆ ಸೇರಿಸಿದರು. ಇಂದು ಅಲಾಂಜಿಯಂ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ಗಿಡ; ಆದರೆ ಕೋಟ್ಯಂತರ ವರ್ಷ ಹಳೆಯ ಅದರ ಹಣ್ಣಿನ ಪಳೆಯುಳಿಕೆಗಳು ಯುರೋಪಿನಲ್ಲೂ ಉತ್ತರ ಅಮೆರಿಕದಲ್ಲೂ ಸಿಕ್ಕಿವೆ. ಅಂದರೆ ಒಂದು ಕಾಲಕ್ಕೆ ಈ ಎರಡು ನೆಂಟರ ಮನೆಗಳು ಈಗಿನಷ್ಟು ದೂರ ಇರಲಿಲ್ಲ. ನಾಲ್ಕು ಬಿಳಿ ಎಲೆಗಳ ಡಾಗ್‌ವುಡ್ಡೇ ಬೇಕೆನ್ನುವವರಿಗೆ ಭಾರತದಲ್ಲೂ ಒಂದಿದೆ. ಹಿಮಾಲಯದ ಕಾರ್ನಸ್ ಕ್ಯಾಪಿಟೇಟಾ. ಅದನ್ನು ನೋಡಲು ಉತ್ತರಾಖಂಡದ ಬೆಟ್ಟ ಹತ್ತಬೇಕು.

ಅಂಕೋಲೆಗೆ ಅಷ್ಟು ದೂರ ಬೇಡ. ಒಣ ಎಲೆಯುದುರು ಕಾಡು, ಕಲ್ಲುಗುಡ್ಡದ ಕುರುಚಲು, ಹೊಲದ ಬದು, ಹಳ್ಳದ ದಂಡೆ ಇದರ ನೆಲೆ. ಸೂಳೆಕೆರೆಯ ಸುತ್ತಿನ ಗುಡ್ಡಗಳು, ಜಗಳೂರು ಕಡೆಯ ಕುರುಚಲು ಇಂಥ ನೆಲಗಳು. ನೀರು ಕಡಿಮೆಯಾದರೂ ತಡೆಯುತ್ತದೆ. ಕೆಲವು ಕಡೆ ಪೊದೆ, ಕೆಲವು ಕಡೆ ಎರಡಾಳು ಮೂರಾಳೆತ್ತರದ ಮರ. ತೊಗಟೆ ಬೂದುಬಣ್ಣ, ಎಳೆ ಕೊಂಬೆಯ ತುದಿ ಎಷ್ಟೋ ಸಲ ಮುಳ್ಳಾಗಿರುತ್ತದೆ. ಉಳಿದ ಕಾಲದಲ್ಲಿ ಯಾರೂ ತಿರುಗಿ ನೋಡದಂಥ ಗಿಡ.

ಮಾಘ ಕಳೆದು ಎಲೆಯೆಲ್ಲ ಉದುರಿದ ಮೇಲೆ ನೋಡಬೇಕು. ಗಿಣ್ಣುಗಿಣ್ಣಿಗೂ ಗೊಂಚಲಾಗಿ ಮೊಗ್ಗು ಹೊರಡುತ್ತವೆ. ಅವು ದುಂಡಗಿಲ್ಲ, ಸಣ್ಣ ಕಡ್ಡಿಗಳ ಹಾಗೆ ಉದ್ದುದ್ದ. ಅರಳುವಾಗ ಆ ಕಡ್ಡಿ ತುದಿಯಿಂದ ಸೀಳಿಕೊಂಡು, ಒಂದೊಂದು ಸೀಳೂ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಐದರಿಂದ ಹತ್ತು ಎಸಳು. ಅವು ಪೂರ್ತಿ ಹಿಂದೆ ಸರಿದ ಮೇಲೆ ಒಳಗಿನ ಕೇಸರಗಳ ಕುಚ್ಚು ನೆಟ್ಟಗೆ ನಿಲ್ಲುತ್ತದೆ. ಎಸಳಿಗಿಂತ ಕೇಸರವೇ ಜಾಸ್ತಿ. ಬಣ್ಣ ಅಚ್ಚಬಿಳಿಯಲ್ಲ, ಕೆನೆಬಿಳಿ. ಡಾಗ್‌ವುಡ್‌ನಂತೆ ಎಲೆಗಳ ನೆರವು ಪಡೆಯದೆ ಈ ಹೂಗಳೇ ತಮ್ಮ ಕೆಲಸ ಮಾಡಿಕೊಳ್ಳುತ್ತವೆ, ಏಕೆಂದರೆ ಇದಕ್ಕೆ ಪರಿಮಳ ಇದೆ. ಒಣಗಿದ ಗುಡ್ಡದಲ್ಲಿ ಮರ ಕಾಣುವ ಮೊದಲೇ ಘಮ ಸಿಗುತ್ತದೆ, ಹತ್ತಿರ ಹೋದರೆ ಜೇನ್ನೊಣಗಳ ಗುಂಯ್‌ಗುಟ್ಟುವಿಕೆ. ಚೆಂದದಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಓಟು ಅಂಕೋಲೆಗೆ. ಅದು ಚಳಿಯ ನಾಡಿನ ಕೃಪೆಯಿಂದ ಅರಳಿದ ಹೂವಲ್ಲ, ನಮ್ಮ ಬಿಸಿಲಿನಲ್ಲೇ ಅರಳಿದ್ದು.

ಬೇಸಿಗೆ ಏರುತ್ತಿದ್ದಂತೆ ಕಾಯಿ ಹಣ್ಣಾಗಿ ನೇರಳೆಗಪ್ಪು ಬಣ್ಣಕ್ಕೆ ತಿರುಗುತ್ತದೆ. ನೆತ್ತಿಯ ಮೇಲೆ ಹೂವಿನ ತೊಟ್ಟೆಲೆಗಳ ಪುಟ್ಟ ಕಿರೀಟ ಹಾಗೆಯೇ ಉಳಿದಿರುತ್ತದೆ. ಒಳಗೆ ಅಂಟಂಟಾದ ಬಿಳಿ ತಿರುಳು, ಅದರ ನಡುವೆ ಒಂದೇ ಬೀಜ. ದನ ಕಾಯುವ ಹುಡುಗರಿಗೂ ಹಕ್ಕಿಗಳಿಗೂ ಅದು ಹಂಚಿಕೊಂಡ ಹಣ್ಣು.

ಈ ಅಂಟು ತಿರುಳಿನ ಬೀಜದ ಸುತ್ತ ನಮ್ಮ ದೇಶದಲ್ಲಿ ಸಾವಿರ ವರ್ಷಕ್ಕೂ ಹಳೆಯ ನಂಬಿಕೆಯೊಂದಿದೆ. ಉದುರಿದ ಅಂಕೋಲೆ ಬೀಜಗಳು ತಾಯಿಮರಕ್ಕೇ ಹಿಂದಿರುಗಿ ಅಂಟಿಕೊಳ್ಳುತ್ತವೆ ಎಂಬುದು. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ಶಿವಾನಂದಲಹರಿಯ 61ನೆಯ ಶ್ಲೋಕ ಭಕ್ತಿ ಎಂದರೇನೆಂದು ಹೇಳಲು ಐದು ದೃಷ್ಟಾಂತ ಕೊಡುತ್ತದೆ. ಸೂಜಿಗೆ ಸೂಜಿಗಲ್ಲು, ನದಿಗೆ ಸಮುದ್ರ ಎಂಬವುಗಳ ಜೊತೆ, ಎಲ್ಲಕ್ಕಿಂತ ಮೊದಲು ಬರುವುದು ಅಂಕೋಲೆಯ ಬೀಜ ಮತ್ತು ಮರ. ಮನೆಯಲ್ಲಿ ಆ ಸ್ತೋತ್ರ ಹೇಳುವವರು ನಮ್ಮ ಊರಲ್ಲಿ ಎಷ್ಟೋ ಜನ ಇದ್ದಾರೆ. ಅವರಲ್ಲಿ ಅಂಕೋಲೆ ಮರವನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯದಲ್ಲಿ ಅಂಕೋಲೆ ಹಣ್ಣಿನ ಅರಪು ಅಥವಾ ಎಣ್ಣೆಯಲ್ಲಿ ಮತ್ತೆ ಮತ್ತೆ ನೆನೆಸಿದ ಬೀಜ ಬಿತ್ತಿದ ಕೂಡಲೇ ಮೊಳೆಯುತ್ತದೆ ಎನ್ನುತ್ತಾನೆ. ಕ್ಷಣದಲ್ಲಿ ಮೊಳೆಯುವ ಬೀಜ ಲೋಕದಲ್ಲಿಲ್ಲ. ಆದರೆ ಹಿಂದಿನವರು ಈ ಹಣ್ಣನ್ನು ಎಷ್ಟು ಹತ್ತಿರದಿಂದ ಗಮನಿಸಿದ್ದರು ಎಂಬುದಕ್ಕೆ ಇದು ಸಾಕ್ಷಿ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಉತ್ತರ ಕನ್ನಡದ ಅಂಕೋಲಾ ಪಟ್ಟಣಕ್ಕೂ ಹೆಸರು ಬಂದದ್ದು ಈ ಗಿಡದಿಂದಲೇ ಎನ್ನುತ್ತಾರೆ.

ಔಷಧದ ವಿಷಯದಲ್ಲೂ ಎರಡು ಮರಗಳಿಗೆ ಹೋಲಿಕೆ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕ್ವಿನೈನ್ ಸಿಗದೆ ದಕ್ಷಿಣದ ರಾಜ್ಯಗಳವರು ಜ್ವರಕ್ಕೆ ಡಾಗ್‌ವುಡ್ ತೊಗಟೆಯ ಕಷಾಯ ಕುಡಿದರು. ನಮ್ಮಲ್ಲಿ ಅಂಕೋಲೆ ಬೇರಿನ ತೊಗಟೆಯನ್ನು ನಾಟಿವೈದ್ಯರು ಜ್ವರಕ್ಕೆ, ವಿಷಕ್ಕೆ, ಹುಚ್ಚುನಾಯಿ ಕಡಿತಕ್ಕೆ ಕೊಡುತ್ತ ಬಂದಿದ್ದಾರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅಂಕೋಲೆಯಲ್ಲಿ ಎಮೆಟಿನ್ ಎಂಬ, ವಾಂತಿ ತರಿಸುವ ಕಟು ರಾಸಾಯನಿಕವಿದೆ. ವಾಂತಿಯಾದರೆ ವಿಷ ಇಳಿಯಿತು ಎಂಬ ನಂಬಿಕೆ ಹುಟ್ಟಿದ್ದು ಅದರಿಂದಲೇ ಇರಬೇಕು. ಆದರೆ ರೇಬಿಸ್ ವೈರಾಣು ಹೊಟ್ಟೆಯಲ್ಲಿರುವುದಿಲ್ಲ, ನರದ ಹಾದಿ ಹಿಡಿದು ಮೆದುಳಿಗೆ ಹೋಗುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಯಾವ ಬೇರೂ ಅದಕ್ಕೆ ಬದಲಿಯಲ್ಲ.

ಅಂಕೋಲೆಯ ಕಟ್ಟಿಗೆಯೂ ನೆಂಟನದರಂತೆ ಗಟ್ಟಿ, ಒತ್ತು ಎಳೆಯದು. ಹಿಂದೆ ಎಣ್ಣೆ ಗಾಣದ ಒನಕೆಗೆ, ದನದ ಕೊರಳಿನ ಮರದ ಗಂಟೆಗೆ ಅದನ್ನು ಬಳಸುತ್ತಿದ್ದರು. ಅಲ್ಲಿನ ನೆಂಟ ಮಿಲ್ಲಿಗೆ ಹೋದ, ಇಲ್ಲಿನವನು ಗಾಣಕ್ಕೆ.

ಇಂಥ ಮರ ಕಣ್ಣಿಂದ ಮರೆಯಾದದ್ದು ಹೇಗೆ? ಕುರುಚಲು ಎಂದರೆ ಪಾಳುಭೂಮಿ ಎಂದು ಸರ್ಕಾರಿ ಕಡತಗಳು ಬರೆದುಕೊಂಡ ದಿನದಿಂದ ಇದು ಶುರುವಾಯಿತು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಬಟ್ಟೆಯ ನಾರಿಗೆ ಕಚ್ಚಾವಸ್ತು ಮಾಡುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಅದಕ್ಕೆ ಮರ ಒದಗಿಸಲು 1984ರಲ್ಲಿ ಸರ್ಕಾರಿ ನಿಗಮ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟುಹಾಕಿ, ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟರು. ಹಳ್ಳಿಯವರಿಗೆ ಅದು ಪಾಳುಭೂಮಿ ಆಗಿರಲಿಲ್ಲ. ದನಕ್ಕೆ ಮೇವು, ಒಲೆಗೆ ಪುಳ್ಳೆ, ಔಷಧಕ್ಕೆ ಬೇರು ಸಿಗುತ್ತಿದ್ದ ಗೋಮಾಳ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಾತಿಗಳು ಜನರನ್ನು ಸಂಘಟಿಸಿದರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೆಂದು ನಾಡಿಗೆಲ್ಲ ತಿಳಿದ ಹೋರಾಟ ಅದು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಕುರುಚಲನ್ನು ಕುರುಚಲಾಗಿಯೇ ಉಳಿಸುವುದಕ್ಕೂ ಒಂದು ಅರ್ಥವಿದೆ ಎಂದು ಆ ಜನ ನಮಗೆಲ್ಲ ಮೊದಲೇ ಹೇಳಿದ್ದರು.

ನಗರದಲ್ಲೂ ಆಯ್ಕೆ ಹೀಗೆಯೇ ತಪ್ಪುತ್ತಿದೆ. ಬಡಾವಣೆಯ ಪಾರ್ಕಿಗೆ ಗಿಡ ತರುವಾಗ ನಾವು ಬೇಗ ಬೆಳೆಯುವ, ಫೋಟೊದಲ್ಲಿ ಚೆಂದ ಕಾಣುವ ಹೊರನಾಡಿನ ಹೂಮರಗಳನ್ನೇ ಕೇಳುತ್ತೇವೆ. ಹೊಂಗೆ, ಬೇವು ನೆಟ್ಟ ಹಿಂದಿನವರ ವಿವೇಕ ನಮಗಿಂತ ದೊಡ್ಡದು. ಅಂಕೋಲೆ ಬೆಳೆಯುವುದು ನಿಧಾನ, ನಿಜ. ಆದರೆ ದೊಡ್ಡ ಮರವಾಗದ ಕಾರಣ ವಿದ್ಯುತ್ ತಂತಿಗೆ ತಾಗುವ ಭಯ ಕಡಿಮೆ, ಬೇರೂರಿದ ಮೇಲೆ ಟ್ಯಾಂಕರ್ ನೀರೂ ಬೇಡ. ವಿನೋಬನಗರದ ಪಾರ್ಕುಗಳ ಅಂಚಿಗೆ, ಕುಂದವಾಡ ಕೆರೆಯ ದಂಡೆಗೆ, ಶಾಲೆ-ಕಾಲೇಜುಗಳ ಬೇಲಿಸಾಲಿಗೆ ಇದಕ್ಕಿಂತ ಒಪ್ಪುವ ಹೂಮರ ಬೇರೆ ಯಾವುದಿದೆ? ಮಹಾನಗರ ಪಾಲಿಕೆಯೂ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳೂ ಈ ವರ್ಷದ ಸಸಿಗಳ ಪಟ್ಟಿಗೆ ಅಂಕೋಲೆಯನ್ನು ಸೇರಿಸಬೇಕು ಎಂಬುದು ನನ್ನ ಕೋರಿಕೆ. ಕೇಳುವ ಜನ ಇದ್ದರೆ ಅವರೂ ಬೆಳೆಸುತ್ತಾರೆ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಊರ ಕಡೆ ಹೊಲದ ಬದುವಿನಲ್ಲಿ ಅಂಕೋಲೆ ಇದೆಯೇ ಎಂದು ಮನೆಯ ಹಿರಿಯರನ್ನು ಕೇಳಿ. ಬೇಸಿಗೆಯ ಕೊನೆಗೆ ಹಣ್ಣಾದಾಗ ನಾಲ್ಕು ಆರಿಸಿ ತನ್ನಿ, ಉಳಿದದ್ದು ಹಕ್ಕಿಗಿರಲಿ. ತಿರುಳು ತೊಳೆದು ನೆರಳಲ್ಲಿ ಒಣಗಿಸಿ, ಮೊದಲ ಮಳೆ ಬಿದ್ದ ಕೂಡಲೇ ಮಣ್ಣು ತುಂಬಿದ ಚೀಲಗಳಲ್ಲಿ ಬಿತ್ತಿ. ಮರ ಹೂಬಿಟ್ಟಾಗ ಅದರ ಫೋಟೊ ತೆಗೆದು ಅಮೆರಿಕದಲ್ಲಿರುವ ಮಕ್ಕಳಿಗೆ ಕಳಿಸಿ, ಅವರ ಅಂಗಳದ ಮರಕ್ಕೆ ಇಲ್ಲೊಬ್ಬ ನೆಂಟನಿದ್ದಾನೆಂದು ತಿಳಿಸಿ.